ನಡುವಣ ಸಾಬೂನಿನ ಕಥೆ

ಯೂರೋಪಿನ ಸಾಬೂನು ತಯಾರಕರಿಗೆ ‘ಮಿಡ್ಲ್ ಸೋಪ್’ ಎಂದರೆ ತಲೆನೋವು. ಕಡಾಯಿಯ ಸಾಬೂನನ್ನು ತೆಳುಗೊಳಿಸಲೆಂದು ನೀರು ಸುರಿದರೆ, ಅದು ತೆಳುವಾಗುವುದರ ಬದಲು ಅಲ್ಲಾಡಿಸಲೂ ಬಾರದಂತೆ ಬಿಗಿಯುತ್ತಿತ್ತು. ಕಡಿಮೆ ನೀರಿರುವ ‘ನೀಟ್ ಸೋಪ್’ ಹರಿಯುತ್ತದೆ; ಹೆಚ್ಚು ನೀರಿರುವ ಇದು ಹರಿಯದು!

ಪಂಡಿತರಿಗೆ ಇಂತಹ ನಡುವಣ ಸ್ಥಿತಿಯೊಂದು ಇದೆಯೆಂದು ಒಪ್ಪುವುದೇ ಕಷ್ಟವಾಗಿತ್ತು. 1888ರಲ್ಲಿ ಪ್ರಾಗ್‌ನ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್, ಕೊಲೆಸ್ಟರಿಲ್ ಬೆಂಜೊಯೇಟ್ 145.5 ಡಿಗ್ರಿಯಲ್ಲಿ ಮಬ್ಬಾಗಿ ಕರಗಿ 178.5 ಡಿಗ್ರಿಯಲ್ಲಿ ತಿಳಿಯಾಗುವುದನ್ನು ಕಂಡನು. ಅವನ ಪತ್ರದಿಂದ ಪ್ರೇರಿತನಾದ ಒಟ್ಟೊ ಲೇಮನ್ ಅದನ್ನು ಸ್ಫಟಿಕದ ಗುಣವುಳ್ಳ ದ್ರವವೆಂದನು. ಅದು ಬರಿಯ ಕಶ್ಮಲ ಬೆರೆತ ಎಮಲ್ಷನ್ ಎಂದು ಗುಸ್ಟಾವ್ ಟಾಮನ್ ವರ್ಷಗಟ್ಟಲೆ ವಾದಿಸಿದನು. ವೈದ್ಯನಾದ ನನಗೆ ಸೋಜಿಗವೆನಿಸುವುದು ಬೇರೊಂದು: ರೋಗವಿಜ್ಞಾನಿ ವಿರ್ಕೊ 1854ರಲ್ಲಿಯೇ, ತಾನು ಮಯೆಲಿನ್ ಎಂದು ಹೆಸರಿಟ್ಟ ವಸ್ತು ನೀರು ಸೋಕಿದೊಡನೆ ಉಬ್ಬಿ ವಿಚಿತ್ರ ಆಕಾರಗಳನ್ನು ತಾಳುವುದನ್ನು ವರ್ಣಿಸಿದ್ದನು. ಅದೂ ದ್ರವ ಸ್ಫಟಿಕವೇ. ಆದರೆ ಆ ಹೆಸರಿನ್ನೂ ಹುಟ್ಟಿರಲಿಲ್ಲ. 1922ರಲ್ಲಿ ಜಾರ್ಜ್ ಫ್ರೀಡೆಲ್ ಪದರಪದರವಾದ ಬಗೆಗೆ ‘ಸ್ಮೆಕ್ಟಿಕ್’ ಎಂಬ ಹೆಸರಿತ್ತನು. ಅದರ ಗ್ರೀಕ್ ಮೂಲಕ್ಕೂ ಸಾಬೂನಿಗೂ ನಂಟಿದೆ.

1935ರಲ್ಲಿ ಗೆರ್‌ಹಾರ್ಡ್ ಡೋಮಾಕ್ ಬೆಂಜಾಲ್ಕೋನಿಯಂ ಕ್ಲೋರೈಡಿನ ಕ್ರಿಮಿನಾಶಕ ಶಕ್ತಿಯನ್ನು ಪ್ರಕಟಿಸಿದನು. ಸಾಮಾನ್ಯ ಸಾಬೂನಿನ ತಲೆಗೆ ಋಣ ವಿದ್ಯುದಂಶ, ಇದರದು ಧನ. ಆದುದರಿಂದಲೇ ಗಾಯದ ಮೇಲೆ ಸಾಬೂನು ಉಳಿದಿದ್ದರೆ, ಇದೇ ಕುಲದ ಸೆಟ್ರಿಮೈಡ್ ಹಚ್ಚಿಯೂ ಫಲ ಕಡಿಮೆ. ಆದರೆ ನೀರಿನಲ್ಲಿ ಎರಡರ ನಡತೆಯೂ ಬಹುಮಟ್ಟಿಗೆ ಒಂದೇ. ಸೀಟೈಲ್‌ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡನ್ನು ಬೆಚ್ಚನೆಯ ನೀರಿಗೆ ಲೀಟರಿಗೆ ಗ್ರಾಮಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹಾಕಿದರೆ, ನೀರಿಗಂಜುವ ಬಾಲಗಳು ಒಳಸೇರಿ, ತಲೆಗಳು ಹೊರಮುಖವಾಗಿ ಮೈಸೆಲ್ ಎಂಬ ಗುಂಡುಗಳಾಗುತ್ತವೆ. ನೂರಕ್ಕೆ ನಲವತ್ತರಷ್ಟಾದಾಗ ಅವು ಉದ್ದನೆಯ ಕೋಲುಗಳಾಗಿ, ಷಟ್ಕೋನ ವಿನ್ಯಾಸದಲ್ಲಿ ಒತ್ತಾಗಿ ನಿಲ್ಲುತ್ತವೆ. ಪಾತ್ರೆ ಬೋರಲಿಟ್ಟರೂ ಜಾರದು. ಇನ್ನೂ ಹೆಚ್ಚಿದರೆ ಕೋಲುಗಳಳಿದು ಹಾಳೆಗಳಾಗುತ್ತವೆ. ಹಾಳೆ ಹಾಳೆಯ ಮೇಲೆ ಸರಿಯಬಲ್ಲುದು, ಹೆಣೆದು ನಿಂತ ಕೋಲು ಸರಿಯದು. ಸಾಬೂನು ತಯಾರಕರ ಒಗಟಿನ ಉತ್ತರವೂ ಇದೇ. 1957ರಲ್ಲಿ ಫ್ರಾನ್ಸಿನ ವಿಟ್ಟೋರಿಯೊ ಲುಜಾಟಿ ಮತ್ತು ಸಂಗಡಿಗರು ಕ್ಷ-ಕಿರಣಗಳಿಂದ ಇದನ್ನು ತೋರಿಸಿದರು.

1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ನೀರಿನ ಹಂಗಿಲ್ಲದೆಯೇ ಬಿಲ್ಲೆಯಾಕಾರದ ಅಣುಗಳು ಒಂದರ ಮೇಲೊಂದು ಪೇರಿ ಇಂತಹುದೇ ಕಂಬಗಳಾಗುವುದನ್ನು ಕಂಡುಹಿಡಿದರು. 1992ರಲ್ಲಿ ಮೊಬಿಲ್ ಕಂಪೆನಿಯ ವಿಜ್ಞಾನಿಗಳು ಧನ ತಲೆಯ ಈ ಅಣುಗಳ ಕೋಲುಗಳನ್ನೇ ಅಚ್ಚಾಗಿಸಿ, ಸುತ್ತಲೂ ಸಿಲಿಕಾ ಬೆಳೆಸಿ, ಬಳಿಕ ಅಚ್ಚನ್ನು ಸುಟ್ಟರು. ಉಳಿದುದು ಜೇನುಗೂಡಿನಂತೆ ಸಾಲುಸಾಲು ರಂಧ್ರಗಳುಳ್ಳ ಬಿಳಿಯ ಪುಡಿ.