ಬಸ್ಸಲ್ಲಿ ಕೂರಬಹುದು, ಕಂಡಕ್ಟರ್ ಆಗೋ ಹಾಗಿಲ್ಲ

1963ರ ಇಂಗ್ಲೆಂಡಿನ ಬ್ರಿಸ್ಟಲ್ ನಗರ. ವಲಸೆ ಬಂದ ಕಪ್ಪು ಜನ, ಏಷ್ಯನ್ನರು ಕಾಸು ಕೊಟ್ಟು ಬಸ್ಸಲ್ಲಿ ಕೂರಬಹುದಿತ್ತು, ಕಂಡಕ್ಟರ್ ಆಗೋ ಹಾಗಿರಲಿಲ್ಲ. ಕಂಪನಿ ಬಿಡಿ, ಕಾರ್ಮಿಕ ಯೂನಿಯನ್ನೇ ಅಡ್ಡ ನಿಂತಿತ್ತು! ಪಾಲ್ ಸ್ಟೀಫನ್ಸನ್ ಮತ್ತು ಸಂಗಾತಿಗಳು ಬಸ್ ಬಹಿಷ್ಕರಿಸಿದರು. ನಾಲ್ಕು ತಿಂಗಳಲ್ಲಿ ಕಂಪನಿ ಮಣಿಯಿತು. ಮೊದಲ ಬಿಳಿಯೇತರ ಕಂಡಕ್ಟರ್, ಭಾರತದಲ್ಲಿ ಹುಟ್ಟಿದ ರಘಬೀರ್ ಸಿಂಗ್.

1965ರ ಕಾನೂನು ಜನಾಂಗದ್ವೇಷ ಕೆರಳಿಸೋ ಮಾತನ್ನ ಅಪರಾಧ ಅಂತು. ಕೆಲಸದ ತಾರತಮ್ಯವನ್ನ ಮಾತ್ರ ಮುಟ್ಟಲಿಲ್ಲ. ಅದನ್ನೂ ತಡೆಯೋ ಮಸೂದೆ 1968ರಲ್ಲಿ ಬಂದಾಗ ಸಂಸದ ಈನಾಕ್ ಪೊವೆಲ್ ವಲಸಿಗರ ಮೇಲೆ ವಿಷ ಕಾರಿದ. ಪಕ್ಷ ಅವನನ್ನ ಮುಂಚೂಣಿ ಸ್ಥಾನದಿಂದ ಕಿತ್ತುಹಾಕಿತು. ಸಂಸತ್ತಿನಲ್ಲಿ ಅವನು ಮಾತಾಡ್ತಾನೇ ಇದ್ದ. ಮಸೂದೆ ಕಾನೂನಾಯ್ತು.

ಜಾತಿ ವಿಷಯ? ಸಮಾನತೆ ಕಾನೂನಿಗೆ ಜಾತಿ ಸೇರಿಸಿ ಅಂತ 2013ರಲ್ಲಿ ಅಲ್ಲಿನ ಪಾರ್ಲಿಮೆಂಟು ಹೇಳಿತು. 2018ರಲ್ಲಿ ಸರ್ಕಾರ ಬೇಡ ಅಂತು. ಕಡಲು ದಾಟಿದ ನಮ್ಮವರ ಹೋರಾಟ ಇನ್ನೂ ಮುಗಿದಿಲ್ಲ.

ಜೈ ಭೀಮ್.