ಕಾರ್ಕಸೋನ್: ಉಳಿದ ಕೋಟೆ, ಹೊರಟ ಜನ

ದಕ್ಷಿಣ ಫ್ರಾನ್ಸಿನ ಓದ್ ನದಿಯ ಬಲದಂಡೆಯಲ್ಲಿ, ಎತ್ತರವಾದ ದಿಬ್ಬದ ಮೇಲೆ ಕಾರ್ಕಸೋನ್ ಕೋಟೆ ನಿಂತಿದೆ. ಎಡದಂಡೆಯ ಬಯಲಿನಲ್ಲಿ ಕೆಳಪಟ್ಟಣವಿದೆ. ಕೋಟೆಗೆ ಎರಡು ಸುತ್ತು ಗೋಡೆಗಳು, 52 ಬುರುಜುಗಳು. ಗೋಡೆಗಳ ಒಟ್ಟು ಉದ್ದ ಸುಮಾರು 3 ಕಿಲೋಮೀಟರ್. 1997ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಚರಿತ್ರೆಯನ್ನು ಪುಸ್ತಕದಿಂದ ಓದುವಂತೆ ಗೋಡೆಯಿಂದಲೂ ಓದಬಹುದೆಂದು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ.

ನಾನು ನಡಿಗೆಯನ್ನು ಆರಂಭಿಸಿದ್ದು ಕೆಳಪಟ್ಟಣದಿಂದ. ಅಲ್ಲಿನ ಬೀದಿಗಳು ಚದುರಂಗದ ಮಣೆಯ ಗೆರೆಗಳಂತೆ ನೇರವಾಗಿ ಒಂದನ್ನೊಂದು ಕತ್ತರಿಸುತ್ತವೆ. ಅಲ್ಲಿಂದ ಹದಿನಾಲ್ಕನೆಯ ಶತಮಾನದ ಕಲ್ಲಿನ ಹಳೆಯ ಸೇತುವೆಯನ್ನು ದಾಟಿದರೆ ಇಡೀ ಕೋಟೆ ಒಮ್ಮೆಲೇ ಕಣ್ಣೆದುರಿಗೆ ಬರುತ್ತದೆ. ಮುಂದೆ ಕಡಿದಾದ ಏರುದಾರಿ. ಅದು ಓದ್ ದ್ವಾರದ ಮೂಲಕ ಒಳಗೆ ಕರೆದೊಯ್ಯುತ್ತದೆ.

ಎರಡು ಸುತ್ತು ಗೋಡೆಗಳ ನಡುವಣ ಬಯಲಿಗೆ 'ಲೀಸ್' ಎಂದು ಹೆಸರು. ಅಲ್ಲಿ ನಿಧಾನವಾಗಿ ಸುತ್ತು ಹಾಕಿದರೆ ಕಾಲಗಳು ಬೇರೆಬೇರೆಯಾಗಿ ಕಾಣುತ್ತವೆ. ಚಿಕ್ಕ ಚೌಕ ಕಲ್ಲುಗಳ ನಡುವೆ ಕೆಂಪು ಇಟ್ಟಿಗೆಯ ಪಟ್ಟಿಗಳಿದ್ದರೆ ಅದು ರೋಮನ್ ಸಾಮ್ರಾಜ್ಯದ ಕೊನೆಗಾಲದ ಕೆಲಸ. ಹೊರಸುತ್ತಿನ ಗೋಡೆ ಹದಿಮೂರನೆಯ ಶತಮಾನದ ದೊರೆ ಒಂಬತ್ತನೆಯ ಲೂಯಿಯ ಕಾಲದ್ದು. ಮುಖ ಉಬ್ಬಿದಂತೆ ಕೆತ್ತಿದ ದೊಡ್ಡ ಕಲ್ಲುಗಳು ಅವನ ಮಗ ಮೂರನೆಯ ಫಿಲಿಪ್ಪನ ಕಾಲವನ್ನು ಹೇಳುತ್ತವೆ. ಪೂರ್ವದ ನಾರ್ಬೊನ್ ದ್ವಾರದ ಅವಳಿ ಬುರುಜುಗಳು ಆ ಕಾಲದವು. ಒಳಗಿನ ಸೇಂಟ್ ನಜೇರ್ ಚರ್ಚೂ ಹಾಗೆಯೇ. ಅದರ ಮುಂಭಾಗ ದಪ್ಪ ಕಂಬಗಳ, ಮಬ್ಬು ಬೆಳಕಿನ ರೊಮಾನೆಸ್ಕ್ ಶೈಲಿಯದು. ನಾಲ್ಕು ಹೆಜ್ಜೆ ಮುಂದಿಟ್ಟರೆ ಬಣ್ಣದ ಗಾಜಿನ ಕಿಟಕಿಗಳಿಂದ ಬೆಳಕು ಸುರಿಯುವ ಗಾಥಿಕ್ ಗರ್ಭಾಂಗಣ. ಈ ಎರಡರ ನಡುವೆ ಒಂದು ಯುದ್ಧ ನಡೆದುಹೋಗಿದೆ.

ಆ ಪ್ರಾಂತ್ಯದಲ್ಲಿ ಕ್ಯಾಥರ್ ಎಂಬ ಪಂಥದವರು ಹೆಚ್ಚಾಗಿದ್ದರು. ರೋಮಿನ ಚರ್ಚು ಅವರನ್ನು ಧರ್ಮದ್ರೋಹಿಗಳೆಂದು ಸಾರಿ, ಉತ್ತರದ ಸೈನ್ಯವನ್ನು ಅವರ ಮೇಲೆ ಕಳಿಸಿತು. 1209ರ ಜುಲೈನಲ್ಲಿ ಸಮೀಪದ ಬೆಜಿಯೆ ಪಟ್ಟಣದಲ್ಲಿ ಘೋರ ಹತ್ಯಾಕಾಂಡ ನಡೆಯಿತು. ಆಗಸ್ಟ್ ತಿಂಗಳಲ್ಲಿ ಕಾರ್ಕಸೋನ್ ಮುತ್ತಿಗೆಗೊಳಗಾಯಿತು. ನೀರಿಲ್ಲದೆ ಬಸವಳಿದ ಊರು ಶರಣಾಯಿತು. ಉಟ್ಟ ಬಟ್ಟೆಯ ಹೊರತು ಏನನ್ನೂ ಒಯ್ಯದೆ ಜನರು ಹೊರಡಬೇಕಾಯಿತು. ಅವರ ಒಡೆಯ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ರೇಮಂಡ್ ರೋಜರ್ ತ್ರಾಂಕವೆಲ್, ಅದೇ ವರ್ಷ ಸೆರೆಯಲ್ಲಿ ತೀರಿಕೊಂಡ.

1240ರಲ್ಲಿ ಅವನ ಮಗ ಕೋಟೆಯನ್ನು ಮರಳಿ ಪಡೆಯಲು ಯತ್ನಿಸಿ ಸೋತ. ಅವನಿಗೆ ನೆರವಾದರೆಂದು ಗೋಡೆಯ ಬುಡದ ಬಡಾವಣೆಗಳನ್ನು ಕೆಡವಿ, ಅಲ್ಲಿನವರನ್ನು ಹೊರಹಾಕಲಾಯಿತು. ಕೆಲವು ವರ್ಷಗಳ ಅನಂತರ ನದಿಯಾಚೆ ನೆಲೆಸಲು ದೊರೆ ಅನುಮತಿ ಕೊಟ್ಟ. ನಾನು ನಡಿಗೆ ಆರಂಭಿಸಿದ ಆ ಅಚ್ಚುಕಟ್ಟಾದ ಕೆಳಪಟ್ಟಣ ಹುಟ್ಟಿದ್ದು ಹೀಗೆ.

1659ರ ಒಪ್ಪಂದದಿಂದ ಸ್ಪೇನಿನ ಗಡಿ ದಕ್ಷಿಣಕ್ಕೆ ಸರಿಯಿತು, ಕೋಟೆಗೆ ಕೆಲಸವಿಲ್ಲದಾಯಿತು. ಸಂಪತ್ತೆಲ್ಲ ಕೆಳಗಿಳಿದು, ಮೇಲೆ ಬಡವರು ಉಳಿದರು. ನೇಕಾರರು ಮುಂತಾದವರು ಲೀಸ್ ಬಯಲಿನಲ್ಲಿ ಗೋಡೆಗೇ ಒರಗಿಸಿ ಮನೆ ಕಟ್ಟಿಕೊಂಡರು. 1849ರಲ್ಲಿ ಸರ್ಕಾರ ಕೋಟೆಯನ್ನು ಕೆಡವಲು ಹೊರಟಾಗ, ಸ್ಥಳೀಯ ಇತಿಹಾಸಕಾರ ಕ್ರೋ-ಮೆರ್‌ವಿಯೆಯ್, ಸಾಹಿತಿ ಪ್ರಾಸ್ಪೆರ್ ಮೆರಿಮೆ ಮೊದಲಾದವರು ಪ್ರತಿಭಟಿಸಿ ಅದನ್ನು ಉಳಿಸಿದರು. 1853ರಿಂದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಗೋಡೆಗಳ ಜೀರ್ಣೋದ್ಧಾರ ಕೈಗೊಂಡರು. 1879ರಲ್ಲಿ ಅವರು ತೀರಿಕೊಂಡ ಮೇಲೂ ಕೆಲಸ ಮುಂದುವರಿಯಿತು. ಬುರುಜುಗಳಿಗೆ ಅವರು ಹೊದಿಸಿದ ಕಪ್ಪು ಕಲ್ಲುಹಲಗೆಯ ಚೂಪು ಛಾವಣಿಗಳು ಉತ್ತರ ಫ್ರಾನ್ಸಿನ ರೀತಿಯವು, ಹೆಂಚು ಹೊದಿಸುವ ಈ ಸೀಮೆಗೆ ಒಗ್ಗವೆಂಬ ಆಕ್ಷೇಪಣೆ ಇಂದಿಗೂ ಇದೆ.

ಛಾವಣಿಯ ಚರ್ಚೆಗೆ ಪುಸ್ತಕಗಳಲ್ಲಿ ಪುಟಗಟ್ಟಲೆ ಸ್ಥಳ ಸಿಕ್ಕಿದೆ. ಲೀಸ್ ಬಯಲಿನ ಮನೆಗಳಿಗೆ ಅಷ್ಟು ಸಿಕ್ಕಿಲ್ಲ. ಜೀರ್ಣೋದ್ಧಾರಕ್ಕಾಗಿ ಆ ಮನೆಗಳನ್ನು ಒಂದೊಂದಾಗಿ ತೆರವು ಮಾಡಲಾಯಿತು. ಮುತ್ತಿಗೆಯಲ್ಲಿ ಒಮ್ಮೆ, ದಂಗೆಯ ಶಿಕ್ಷೆಯಾಗಿ ಒಮ್ಮೆ, ಕೊನೆಗೆ ಪರಂಪರೆಯ ರಕ್ಷಣೆಗಾಗಿ ಒಮ್ಮೆ, ಹೀಗೆ ಮೂರು ಸಲ ಇಲ್ಲಿಂದ ಜನ ಎದ್ದುಹೋದರು. ಮೂರನೆಯ ಸಲ ರಕ್ತ ಹರಿಯಲಿಲ್ಲ, ಉದ್ದೇಶವೂ ಒಳ್ಳೆಯದಾಗಿತ್ತು. ಆ ಕೆಲಸ ನಡೆಯದಿದ್ದರೆ ನನಗೆ ನೋಡಲು ಕೋಟೆಯೇ ಇರುತ್ತಿರಲಿಲ್ಲವೆಂಬುದೂ ನಿಜ. ಆದರೂ ಮನೆ ಬಿಟ್ಟವನಿಗೆ ಅದು ಮನೆ ಬಿಟ್ಟದ್ದೇ ಅಲ್ಲವೆ?

ಇಂದು ಕೋಟೆಯೊಳಗೆ ಪ್ರವಾಸಿಗರು ತುಂಬಿರುತ್ತಾರೆ. ವಾಸಿಸುವವರು ಬಹಳ ಕಡಿಮೆ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ ಬುರುಜುಗಳನ್ನು ಕಣ್ತುಂಬ ನೋಡಿರಿ. ಅನಂತರ ಲೀಸ್ ಬಯಲಿನಲ್ಲಿ ಒಂದು ಗಳಿಗೆ ನಿಂತು, ಅಲ್ಲಿ ಮಗ್ಗ ಹಾಕಿಕೊಂಡಿದ್ದವರನ್ನೂ ನೆನೆಯಿರಿ.