ಮುಡುಕುತೊರೆಯ ಪಂಚಾಂಗವೂ ದೂರದರ್ಶನದ ಭಾನುವಾರವೂ

ಕಾವೇರಿಯು ತಲಕಾಡಿನ ಬಳಿ ಬಾಗಿ ಹರಿಯುವೆಡೆಯಲ್ಲಿ ಮುಡುಕುತೊರೆಯ ಬೆಟ್ಟವು ನಿಂತಿದೆ. ಅದರ ಮೇಲಣ ಮಲ್ಲಿಕಾರ್ಜುನಸ್ವಾಮಿಯು ಪಂಚಲಿಂಗಗಳಲ್ಲಿ ಒಬ್ಬನೆಂಬುದು ವಾಚಕರಿಗೆ ವಿದಿತವೇ. ಉಳಿದವರು ತಲಕಾಡಿನ ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರರು ಮತ್ತು ವಿಜಯಪುರದ ಅರ್ಕೇಶ್ವರನು. ಕಾರ್ತಿಕದ ಅಮಾವಾಸ್ಯೆಯು ಸೋಮವಾರದಲ್ಲಿ ವಿಶಾಖಾ ನಕ್ಷತ್ರದೊಡನೆ ಕೂಡಿಬಂದಲ್ಲದೆ ಪಂಚಲಿಂಗದರ್ಶನವಿಲ್ಲ. 1993ರ ದರ್ಶನವಾದ ತರುವಾಯ 13 ವರ್ಷ ಕಾಯಬೇಕಾಯಿತು. ಬಳಿಕ 2006ರಿಂದ ಮೂರೇ ವರ್ಷಕ್ಕೆ, ಅಂದರೆ 2009ರಲ್ಲಿ, ಯೋಗವು ಮರಳಿ ಒದಗಿತು. ಜನರು ಕಾಲವನ್ನು ಕಾಯುತ್ತಿದ್ದರೇ ಹೊರತು ಕಾಲವು ಜನರ ಬಿಡುವನ್ನು ಕಾಯುತ್ತಿರಲಿಲ್ಲ.

ಇದಕ್ಕೆ ತೀರ ವಿಪರೀತವಾದ ಪರ್ವಕ್ರಮವೊಂದು ದೂರದರ್ಶನದಿಂದ ನಾಡಿಗೆ ಬಂದಿತು. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಬಿಜಾಪುರ, ಗುಲಬರ್ಗಾ, ರಾಯಚೂರು ಸೀಮೆಗಳ ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸಿದಾಗ ಬೇಸಾಯ, ಆರೋಗ್ಯಗಳ ಬೋಧನೆಯೇ ಮುಖ್ಯವಾಗಿತ್ತು; ರಜಾದಿನದ ವಿಶೇಷವೆಂಬುದು ಮುಂದೆ ಬೆಳೆದುದು. 1982ರ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮವೂ ವರ್ಣಪ್ರಸಾರವೂ ಆರಂಭವಾದುವು. ಅಂದು ಸ್ವಾತಂತ್ರ್ಯೋತ್ಸವ, ಜೊತೆಗೆ ಭಾನುವಾರ. 1987ರ ಜನವರಿ 25, ಭಾನುವಾರ, ಹಿಂದಿಯ ‘ರಾಮಾಯಣ’ವು ಮೊದಲಾಯಿತು, ಮರುದಿನ ಗಣರಾಜ್ಯೋತ್ಸವ. 1988ರ ಅಕ್ಟೋಬರ್ 2ರಂದು ‘ಮಹಾಭಾರತ’ವು ತೊಡಗಿದುದು ಗಾಂಧೀಜಯಂತಿಯ ಭಾನುವಾರದಲ್ಲಿ. ಇವೆಲ್ಲ ಕಾಕತಾಳೀಯವೆನ್ನುವವನು ಪ್ರಸಾರವಿದ್ಯೆಯನ್ನು ಅರಿಯನು. ಮನೆಮಂದಿಯೆಲ್ಲ ಒಂದೆಡೆ ಕುಳಿತಿರುವ ಹೊತ್ತನ್ನು ಹುಡುಕಿ ಅಲ್ಲಿ ಕಥೆಯನ್ನು ನಿಲ್ಲಿಸುವುದೇ ಆ ವಿದ್ಯೆಯ ಸಾರ.

1986ರಲ್ಲಿ ಪಂಚಲಿಂಗದರ್ಶನವಾಗಿ ಹೆಚ್ಚು ಕಾಲ ಕಳೆದಿರಲಿಲ್ಲ. ಆಗಲೇ ರಾಮನು ಏಳು ದಿನಕ್ಕೊಮ್ಮೆ, ಬೆಳಗಿನ ಒಂಬತ್ತೂವರೆಗೆ, ತಪ್ಪದೆ ದರ್ಶನವೀಯತೊಡಗಿದನು. ದೂರದರ್ಶನವಿದ್ದ ಮನೆಗೆ ನೆರೆಯವರೆಲ್ಲ ಬಂದು ಕೂಡುತ್ತಿದ್ದರು. ಪೆಟ್ಟಿಗೆಗೆ ಹೂವಿನ ಹಾರ ಹಾಕಿ ಊದಿನಕಡ್ಡಿ ಹಚ್ಚಿದವರೂ ಉಂಟು. ಆದರೆ ಆ ಶುಭಮುಹೂರ್ತದ ಭಾಷೆ ಹಿಂದಿ. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ನಾಡಿನ ಅಜ್ಜಿಯರು ಮೊಮ್ಮಕ್ಕಳಿಂದ ಅರ್ಥ ಕೇಳಿಕೊಂಡು ಭಾರತವನ್ನು ನೋಡಬೇಕಾದುದು ವಿಷಾದಕರ. ರಜೆಯ ಹೊತ್ತನ್ನು ಹಂಚುವವನೇ ಭಾಷೆಯ ಸ್ಥಾನಮಾನವನ್ನೂ ಹಂಚುತ್ತಾನೆಂಬುದನ್ನು ಆಗ ಗಮನಿಸಿದವರು ವಿರಳ. ದೇಶಭಾಷೆಗಳ ಚಿತ್ರಗಳಿಗೆ ಭಾನುವಾರದ ಮಧ್ಯಾಹ್ನ ಸರದಿಯಿತ್ತು. ಕನ್ನಡದ ಸರದಿಯು ಬರುವವರೆಗೆ ಕಾಯಬೇಕು. ಬೆಂಗಳೂರು ಕೇಂದ್ರದ ಕನ್ನಡ ಚಿತ್ರಗಳೂ ‘ಚಿತ್ರಮಂಜರಿ’ಯ ಗೀತೆಗಳೂ ಈ ಬಾಯಾರಿಕೆಯನ್ನು ಕೊಂಚ ತಣಿಸಿದುವು.

1994ರಲ್ಲಿ ಉದಯ ವಾಹಿನಿಯು ಹೊರಟ ಮೇಲೆ ಸ್ಥಿತಿಯು ಮಾರ್ಪಟ್ಟಿತು. ಯುಗಾದಿ, ಗೌರಿ ಗಣೇಶ, ದಸರೆಗಳಿಗೆ ಹೊಸ ಚಿತ್ರಗಳನ್ನು ಕಾದಿರಿಸುವ ರೂಢಿಯು ಬೆಳೆಯಿತು. ಇದರಲ್ಲಿ ಭಕ್ತಿಗಿಂತ ಜಾಹೀರಾತಿನ ಲೆಕ್ಕವೇ ಮುಂದು. 2015ರಿಂದ ವೀಕ್ಷಕರನ್ನು ಎಣಿಸುತ್ತಿರುವ ಬಾರ್ಕ್ ಸಂಸ್ಥೆಗೆ ವಾರವು ಶನಿವಾರ ಹುಟ್ಟಿ ಶುಕ್ರವಾರ ಮುಗಿಯುತ್ತದೆ. ಪಂಚಾಂಗಕರ್ತರು ಕೇಳಿದರೆ ನಕ್ಕಾರು.

2020ರಲ್ಲಿ ಮಹಾಮಾರಿಯು ಎಲ್ಲ ದಿನಗಳನ್ನೂ ರಜಾದಿನಗಳನ್ನಾಗಿ ಮಾಡಿತು. ಮಾರ್ಚ್ 28ರಿಂದ ಹಳೆಯ ‘ರಾಮಾಯಣ’ವು ದಿನಕ್ಕೆರಡು ಬಾರಿ ಮರುಪ್ರಸಾರವಾಯಿತು. ಅದೇ ವರ್ಷ ಸ್ಟಾರ್ ಸುವರ್ಣ ವಾಹಿನಿಯಲ್ಲಿ ಹೊಸದೊಂದು ‘ಮಹಾಭಾರತ’ವು ಕನ್ನಡಕ್ಕೆ ಮಾತು ಬದಲಿಸಿಕೊಂಡು ಬಂದಿತು; ಅಜ್ಜಿಯರಿಗೆ ದುಭಾಷಿಗಳು ಬೇಕಾಗಲಿಲ್ಲ. ಡಿಸೆಂಬರ್ 14, ಸೋಮವಾರ, ಪಂಚಲಿಂಗದರ್ಶನದ ಯೋಗವು ಕೂಡಿತು. ಅದನ್ನು ಅನುಕೂಲವಾದ ಭಾನುವಾರಕ್ಕೆ ಸರಿಸುವಂತಿರಲಿಲ್ಲ. ಜನಸಂದಣಿಗೆ ಮಿತಿಯನ್ನು ವಿಧಿಸಿ, ಆ ದಿನವೇ ನೆರವೇರಿಸಲಾಯಿತು.